ಎರಡನೆಯ ಪೀಪಿ

ಬಾತು ಕರೆಯುವ ಸ್ಪರ್ಧೆಯ ದಿನ ಬೆಳಿಗ್ಗೆ ಡೆಲ್ಮರ್ ಕ್ರೈಡರನ ಅಂಗಡಿಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಲೆಂಡರ್ ಪಟ್ಟಣದ ಬಾತು ಬೇಟೆಗಾರರೆಲ್ಲ ಅಲ್ಲಿ ಬಂದು ಸೇರಬೇಕು, ಅವನ ಹೆಂಡತಿ ಓಲೀಟಾ ಆಗಷ್ಟೇ ಒಲೆಯಿಂದ ತೆಗೆದ ಬನ್ನಿನ ಮೇಲೆ ಸಾಸೇಜ್ ಗ್ರೇವಿ ಸುರಿದುಕೊಂಡು ತಿನ್ನಬೇಕು, ಕರಿ ಕಾಫಿ ಹೀರಬೇಕು, ಕೇಳದವರಿಗೆಲ್ಲ ಸಲಹೆ ಕೊಡಬೇಕು. ಪೀಪಿಯ ಶ್ರುತಿ ಸರಿಮಾಡಿಸಿಕೊಳ್ಳುವುದಕ್ಕೆ ಬಂದೆವು ಎನ್ನುತ್ತಾರೆ. ಬರುವುದು ಹರಟೆಗೆ.

ಪೀಪಿ ಎಂದರೆ ಮಕ್ಕಳಾಟದ್ದಲ್ಲ. ಆಕಾಶದಲ್ಲಿ ತನ್ನ ಪಾಡಿಗೆ ಹೋಗುತ್ತಿರುವ ಹಸಿರುತಲೆಯ ಗಂಡು ಬಾತು, ಕೆಳಗೆ ಯಾರೋ ತನ್ನವರೇ ಕರೆಯುತ್ತಿದ್ದಾರೆಂದು ನಂಬಿ ರೆಕ್ಕೆ ಬಾಗಿಸಿ ಇಳಿಯಬೇಕು, ಅಂಥದ್ದು. ಅರ್ಕನ್ಸಾ ರಾಜ್ಯದ ಈ ಭತ್ತದ ಸೀಮೆಯಲ್ಲಿ ಮಾತು ಬರುವ ಮುಂಚೆ ಮಕ್ಕಳಿಗೆ ಪೀಪಿ ಊದಲು ಬರುತ್ತದೆ. ಡೆಲ್ಮರ್ ಮೂವತ್ತು ವರ್ಷದಿಂದ ಅದನ್ನು ಮರದಲ್ಲೇ ಮಾಡುತ್ತಾ ಬಂದವನು. ಅದೂ ಬೋಡಾರ್ಕ್ ಮರ. ಅಜ್ಜಂದಿರ ಕಾಲದ ಬೇಲಿ ಕಂಬಗಳನ್ನು ಕಿತ್ತು ತಂದು ಲೇತಿಗೆ ಕೊಡುತ್ತಿದ್ದ. ಅರಿಸಿನದ ಬಣ್ಣದ ಆ ಗಟ್ಟಿ ಮರ ಅವನ ಕೈಯಲ್ಲಿ ಬೆಣ್ಣೆಯಾಗುತ್ತಿತ್ತು. ಅಕ್ರಿಲಿಕ್ ಎಂಬ ಶಬ್ದ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಪ್ಲಾಸ್ಟಿಕ್ಕು ಎನ್ನುತ್ತಿದ್ದ, ಅದನ್ನೂ ಮೂಗು ಮುರಿದು.

ಅಕ್ರಿಲಿಕ್ಕಿನಲ್ಲಿ ಮಾಡುವವನು ಹರ್ಶೆಲ್ ಟಲ್. ಅವನ ಅಂಗಡಿ ಅದೇ ಬೀದಿಯ ಇನ್ನೊಂದು ತುದಿಗೆ. ಇಬ್ಬರೂ ನೀರು ನಿಂತ ಕಾಡಿನಲ್ಲಿ ಒಂದೇ ಓಕ್ ಮರಕ್ಕೆ ಒರಗಿ ನಿಂತು ಬೇಟೆಯಾಡುವವರು, ಒಂದೇ ಫ್ಲಾಸ್ಕಿನ ಕಾಫಿ ಕುಡಿಯುವವರು. ಪೀಪಿಯ ಮಾತು ಬಂತೋ, ಹಾವು ಮುಂಗುಸಿ.

ಆ ಬೆಳಿಗ್ಗೆಯೂ ಹರ್ಶೆಲ್ ಗೋಡೆಗೆ ಬೆನ್ನು ಕೊಟ್ಟು, ಬನ್ನು ಅಗಿಯುತ್ತಾ ಶುರುಮಾಡಿದ. "ಹೊರಗೆ ಸೋನೆ ಹಿಡಿದಿದೆ ಡೆಲ್ಮರ್. ನಿನ್ನ ಕಟ್ಟಿಗೆ ನೀರು ಕುಡಿದು ಊದಿಕೊಂಡಿರಬೇಕಲ್ಲ."

"ನನ್ನ ಕಟ್ಟಿಗೆ ಉಸಿರಾಡತ್ತೆ ಕಣಯ್ಯಾ. ನಿನ್ನ ಪ್ಲಾಸ್ಟಿಕ್ಕಿಗೆ ಜೀವ ಎಲ್ಲಿದೆ ಉಸಿರಾಡಕ್ಕೆ?"

"ಜೀವ ಊದೋರಿಗಿದ್ರೆ ಸಾಕು ಮಾರಾಯ. ಪೀಪಿಗ್ಯಾಕೆ?"

ಅಂಗಡಿಯೆಲ್ಲ ನಕ್ಕಿತು. ಡೆಲ್ಮರನೂ ನಕ್ಕ. ಆದರೆ ಅವನ ಕಣ್ಣು ಮಗಳ ಮೇಲಿತ್ತು.

ಟ್ವೈಲಾ ಮೂಲೆಯ ಸ್ಟೂಲಿನ ಮೇಲೆ ಕೂತು ಒಂದು ತುತ್ತೂ ತಿಂದಿರಲಿಲ್ಲ. ಭತ್ತದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ ಅವಳದ್ದು. ಲಾರಿ ಬರದ ಹೊತ್ತಿನಲ್ಲೆಲ್ಲ ತನ್ನ ಗಾಡಿಯ ಗಾಜು ಏರಿಸಿಕೊಂಡು ಪೀಪಿ ಊದುತ್ತಿದ್ದಳು. ರಾಜ್ಯ ಸ್ಪರ್ಧೆಯಲ್ಲಿ ಮೂರು ಸಲ ಎರಡನೆಯ ಸ್ಥಾನಕ್ಕೆ ಬಂದು ನಿಂತವಳು. ಆ ವೇದಿಕೆಯ ಮೇಲೆ ಈವರೆಗೆ ಒಬ್ಬ ಹೆಂಗಸೂ ಗೆದ್ದಿಲ್ಲ. ಮೂರು ಸಲವೂ ಊದಿದ್ದು ಅಪ್ಪನ ಬೋಡಾರ್ಕ್ ಪೀಪಿಯನ್ನು. ಮೂರು ಸಲವೂ ದೂರದ ಬಾತನ್ನು ಕರೆಯುವ ಮೊದಲ ಕೂಗಿನ ತುತ್ತತುದಿಯಲ್ಲಿ ದನಿ ಒಂಚೂರು ಕಟ್ಟಿಕೊಂಡಿತ್ತು. ಅಪ್ಪ ಅದನ್ನು ಗಾಳಿಯ ತಲೆಗೆ ಕಟ್ಟಿದ, ಒಂದು ಸಲ ಮೈಕಿನ ತಲೆಗೆ ಕಟ್ಟಿದ.

ಈಗ ಅವಳ ಕೊರಳಿನ ಹುರಿಯಲ್ಲಿ ಎರಡು ಪೀಪಿ ನೇತಾಡುತ್ತಿದ್ದವು. ಒಂದು ಹಳದಿ ಮರದ್ದು. ಇನ್ನೊಂದು ಹರ್ಶೆಲ್ ಮಾಡಿದ, ಸೀಸದ ಬಣ್ಣದ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಅಕ್ರಿಲಿಕ್. ಯಾವುದನ್ನು ಊದುತ್ತೀಯ ಎಂದು ಕೇಳುವ ಧೈರ್ಯ ಡೆಲ್ಮರನಿಗಿಲ್ಲ, ಹೇಳುವ ಧೈರ್ಯ ಅವಳಿಗಿಲ್ಲ. ಹೋದ ವರ್ಷ ಅವನು ದೊಡ್ಡ ಮನಸ್ಸು ಮಾಡಿ, "ನಿಂಗೆ ಯಾವುದು ಸರಿ ಕಾಣತ್ತೋ ಅದನ್ನೇ ಊದು" ಅಂದಿದ್ದ. ಅವಳು ಅವನ ಮುಖವನ್ನೊಮ್ಮೆ ನೋಡಿ ಮರದ್ದನ್ನೇ ತೆಗೆದುಕೊಂಡು ಹೋಗಿ ಸೋತು ಬಂದಿದ್ದಳು. ಅಪ್ಪನ ಬಾಯಿ ಹೇಳಿದ್ದನ್ನು ಬಿಟ್ಟು ಮುಖ ಹೇಳಿದ್ದನ್ನು ಕೇಳುವ ಹುಡುಗಿ ಅವಳು. ಅದೇ ತೊಂದರೆ.

ಆದರೆ ಇವತ್ತು ಅವಳು ಎದ್ದು ಬಂದು ನಡು ಅಂಗಡಿಯಲ್ಲಿ ನಿಂತಳು.

"ಅಪ್ಪ, ಬೆನ್ನು ತಿರುಗಿಸಿ ನಿಂತ್ರೂ ನಿನ್ನ ಮರ ಯಾವುದು ಅಂತ ಹೇಳ್ತೀನಿ ಅಂತೀಯಲ್ಲ."

"ಹೇಳ್ತೀನಿ. ಯಾವ ಬೇಲಿದು ಅಂತಾನೂ ಹೇಳ್ತೀನಿ."

"ಹಾಗಾದ್ರೆ ತಿರುಗು. ಎರಡನ್ನೂ ಊದ್ತೀನಿ. ಯಾವುದನ್ನ ತಗೊಂಡು ಮೇಲೆ ಹತ್ತಬೇಕು ಅಂತ ನೀನು ಹೇಳು. ನೀನು ಹೇಳಿದ್ದೇ ಕೊನೆ. ಆಮೇಲೆ ನಾನೂ ಮಾತಾಡಲ್ಲ, ನೀನೂ ಮಾತಾಡಬೇಡ, ಇವರ್ಯಾರೂ ಮಾತಾಡೋದು ಬೇಡ."

ಅಂಗಡಿಯಲ್ಲಿ ಚಮಚದ ಸದ್ದೂ ನಿಂತಿತು. ಅಲ್ಲಿದ್ದವರೆಲ್ಲ ಬಹಳ ವರ್ಷದಿಂದ ಕಾಯುತ್ತಿದ್ದ ಆಟ ಇದು. ಡೆಲ್ಮರನ ಆ ಜಂಬವನ್ನು ಊರಿನವರು ನಂಬಿದ್ದರು, ಪರೀಕ್ಷೆ ಮಾತ್ರ ಯಾರೂ ಮಾಡಿರಲಿಲ್ಲ. ಅವನು ಏಪ್ರನ್ನಿಗೆ ಕೈ ಒರೆಸಿಕೊಂಡು ತಿರುಗಿ ನಿಂತ. ಎದುರಿಗೆ ಗೋಡೆ, ಗೋಡೆಗೆ ಒರಗಿದ ಹರ್ಶೆಲ್, ಅವನ ಕೈಯಲ್ಲಿ ಕಾಫಿ.

"ಗೋಡೆ ನೋಡು ಅಂದ್ರೆ ನಿನ್ನ ಮುಖ ನೋಡೋ ಹಾಗಾಯ್ತಲ್ಲೋ," ಎಂದ ಡೆಲ್ಮರ್.

"ಚೆನ್ನಾಗಿ ನೋಡ್ಕೋ. ಇವತ್ತು ಗೆಲ್ಲೋ ಮುಖ."

ಹಿಂದೆ ಮಗಳು ಉಸಿರು ತುಂಬಿಕೊಂಡದ್ದು ಕೇಳಿಸಿತು. ಮೊದಲನೆಯ ಕೂಗು ಬಂತು.

ಮೊದಲ ಸ್ವರಕ್ಕೇ ಅವನಿಗೆ ಗೊತ್ತಾಯಿತು. ಗೊತ್ತಾಗದೆ ಏನು? ಅದು ಅವನ ಬೋಡಾರ್ಕ್. ತುಸು ತೇವ ಕುಡಿದಿದೆ ಎನ್ನುವುದೂ ಗೊತ್ತಾಯಿತು. ದುಂಡಗೆ, ತಣ್ಣಗೆ, ಎದೆಯಿಂದ ಎದ್ದ ದನಿ. ಮುಂಜಾನೆ ಮರಗಳ ನಡುವೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಮರದ ತುದಿಯಲ್ಲಿ ಸುತ್ತುತ್ತಿರುವ ಬಾತಿಗೆ ಮೆಲ್ಲಗೆ ಹೇಳುವ ಮಾತಿನಂಥದು. ಅವನ ಕಣ್ಣು ತಾವಾಗಿ ಮುಚ್ಚಿಕೊಂಡವು. ಆದರೆ ತುದಿಗೆ ಹೋದಾಗ ದನಿ ಅದೇ ಜಾಗದಲ್ಲಿ, ಮೂರು ವರ್ಷ ಕಟ್ಟಿಕೊಂಡಿದ್ದ ಅದೇ ಜಾಗದಲ್ಲಿ ಕಟ್ಟಿಕೊಂಡಿತು. ಅಂಗಡಿಯೊಳಗೆ ಗಾಳಿಯೂ ಇರಲಿಲ್ಲ, ಮೈಕೂ ಇರಲಿಲ್ಲ.

ಎರಡನೆಯದು ಬಂತು.

ಡೆಲ್ಮರನ ಕಣ್ಣು ತೆರೆದವು. ಈವರೆಗೆ ಅವನು ಪ್ಲಾಸ್ಟಿಕ್ಕಿನ ಪೀಪಿಯನ್ನು ಕಿವಿಗೊಟ್ಟು ಕೇಳಿಯೇ ಇರಲಿಲ್ಲ. ಕಣ್ಣಿಂದ ನೋಡಿದ್ದ, ಆ ಹೊಳಪು ನೋಡಿ ಹೊಟ್ಟೆ ಉರಿಸಿಕೊಂಡಿದ್ದ, ಅಷ್ಟಕ್ಕೇ ತೀರ್ಪು ಕೊಟ್ಟಿದ್ದ. ಈಗ ಬೆನ್ನು ತಿರುಗಿಸಿ ನಿಂತಾಗ ಕೇಳಿಸಿದ್ದು ತನ್ನ ಮಗಳ ಉಸಿರು. ಏನೂ ಅಡ್ಡಿಯಿಲ್ಲದೆ, ಮೇಲೆ ಮೇಲೆ ಹೋಗಿ, ತುದಿ ಮುಟ್ಟಿ, ಅಲ್ಲಿ ನಿಂತು, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದ ಉಸಿರು. ಕಿಟಕಿಯ ಗಾಜು ಗುಂಯ್ ಅಂತು. ಇವಳು ಗೆಲ್ಲುತ್ತಾಳೆ, ಇದನ್ನು ಊದಿದರೆ ಇವಳು ಇವತ್ತೇ ಗೆಲ್ಲುತ್ತಾಳೆ ಎಂಬುದು ಅವನಿಗೆ ಹಗಲಿನಷ್ಟು ಸ್ಪಷ್ಟವಾಯಿತು.

ಜೊತೆಗೇ ಇನ್ನೊಂದು ವಿಷಯವೂ ಸ್ಪಷ್ಟವಾಯಿತು. 'ಎರಡನೆಯದು ಪ್ಲಾಸ್ಟಿಕ್ಕು, ಆದರೂ ಅದನ್ನೇ ತಗೋ' ಎಂದರೆ ಅವಳು ತಗೊಳ್ಳುವುದಿಲ್ಲ. ಅಪ್ಪ ತನಗಾಗಿ ಸೋತ ಎಂದುಕೊಂಡು, ಮರದ್ದನ್ನೇ ಎತ್ತಿಕೊಂಡು ಹೋಗಿ ನಾಲ್ಕನೆಯ ಸಲ ಎರಡನೆಯವಳಾಗಿ ಬರುತ್ತಾಳೆ.

ಅವನು ತಿರುಗಿದ. ಎದೆ ಸೆಟೆಸಿ, ಬೇಕಾದಷ್ಟು ಜಂಬ ತುಂಬಿಕೊಂಡು ಹೇಳಿದ: "ಎರಡನೇದು. ಅದೂ ಒಂದು ಪ್ರಶ್ನೇನಾ? ಎರಡನೇದೇ ನನ್ನ ಬೋಡಾರ್ಕು. ಮೊದಲನೇದು ಪ್ಲಾಸ್ಟಿಕ್ಕು, ಕೊಳವೇಲಿ ಕಪ್ಪೆ ಸಿಕ್ಕಿಕೊಂಡ ಹಾಗಿತ್ತು."

ಎಲ್ಲರೂ ಟ್ವೈಲಾಳ ಕಡೆ ತಿರುಗಿ ಪೀಪಿ ನೋಡಿದರು. ಆಮೇಲೆ ಅಂಗಡಿಗೆ ಅಂಗಡಿಯೇ ನಗೆಯಲ್ಲಿ ಸಿಡಿಯಿತು. ಒಬ್ಬನ ಮೂಗಿನಿಂದ ಕಾಫಿ ಬಂತು. ಇನ್ನೊಬ್ಬ ಕೌಂಟರಿನ ಮೇಲೆ ತಲೆಯಿಟ್ಟು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಹರ್ಶೆಲ್. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ತಲೆ ಬಡಿದುಕೊಂಡು, "ಕಪ್ಪೆ! ಅವನ ಪೀಪಿಯೊಳಗೆ ಕಪ್ಪೆ!" ಎಂದು ಕಿರುಚುತ್ತಾ ನಕ್ಕ.

ಡೆಲ್ಮರ್ ಅರ್ಥವಾಗದವನಂತೆ ಅವರಿವರ ಮುಖ ನೋಡಿದ, ಮಗಳ ಬಾಯಲ್ಲಿದ್ದ ಸೀಸದ ಬಣ್ಣದ ಪೀಪಿ ನೋಡಿದ, ಬಾಯಿ ತೆರೆದ, ಮುಚ್ಚಿದ. ನಾಟಕ ಅಷ್ಟು ಚೆನ್ನಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಟ್ವೈಲಾಳ ಮುಖ ಮೊದಲು ಇಳಿಯಿತು, ಪಾಪ ಅಪ್ಪ ಎನ್ನುವಂತೆ. ಅದರ ಹಿಂದೆಯೇ ಅವಳ ಹೆಗಲು ಸಡಿಲವಾದದ್ದನ್ನು ಅವನು ಕಂಡ. ಮೂರು ವರ್ಷದಿಂದ ಹೊತ್ತ ಮೂಟೆಯನ್ನು ಕೆಳಗಿಟ್ಟವರ ಹೆಗಲು ಅದು. ಅವಳು ಸ್ಟೂಲಿಗೆ ಹೋಗಿ ಕೂತು ಎರಡು ಬನ್ನು ತಿಂದಳು.

ಖುಷಿಯಾಯಿತು. ಉರಿಯೂ ಆಯಿತು. ಎರಡೂ ಒಟ್ಟಿಗೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಮುಖ್ಯ ಬೀದಿ ತುಂಬಿತು. ಗಾಡಿಗಳನ್ನೆಲ್ಲ ಆಚೆ ನಿಲ್ಲಿಸಿ, ಕೋರ್ಟಿನ ಮುಂದೆ ವೇದಿಕೆ ಹಾಕಿದ್ದರು. ಒಂದು ಕಡೆ ಗಂಬೋ ಅಡುಗೆಯ ಸ್ಪರ್ಧೆ, ಬಾತಿನ ಮಾಂಸ, ಬೆಂಡೆಕಾಯಿ, ಮೆಣಸು ಕುದಿಯುವ ಹಂಡೆಗಳ ಸಾಲು. ಸೋನೆ ಮಳೆಯಲ್ಲೇ ಜನ ಜನ. ಮತ್ತು ಆ ಹಂಡೆಗಳ ಹಬೆಗಿಂತ ಮುಂಚೆ ಬೀದಿಯ ತುದಿ ಮುಟ್ಟಿದ್ದು ಡೆಲ್ಮರನ ಸುದ್ದಿ.

"ಡೆಲ್ಮರ್, ಇಷ್ಟು ವರ್ಷ ನನ್ನ ಪ್ರವಚನವಾದ್ರೂ ಕೇಳಿಸ್ತಿತ್ತಾ?" ಎಂದರು ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ.

"ಕೇಳಿಸ್ತಿತ್ತು ಪಾದ್ರಿಗಳೇ. ಅದೇ ನನ್ನ ಕರ್ಮ."

ತಮಾಷೆ ತಡೆದುಕೊಳ್ಳಬಹುದಿತ್ತು. ಹೊಸ ಪೀಪಿಗೆ ಹೇಳಿಟ್ಟಿದ್ದ ವೆಂಡೆಲ್ ಎಂಬ ತರುಣ ಬಂದು ಟೋಪಿ ತಿರುವುತ್ತಾ, "ಮಿಸ್ಟರ್ ಡೆಲ್ಮರ್, ನನ್ನ ಪೀಪಿಗೇನೂ ಅರ್ಜೆಂಟಿಲ್ಲ, ನಿಧಾನಕ್ಕೆ ನೋಡೋಣ" ಎಂದಾಗ ಮಾತ್ರ ಡೆಲ್ಮರನಿಗೆ ಚುರ್ ಅಂತು. ಪೀಪಿ ಮಾಡುವವನಿಗೆ ಕಿವಿ ಇಲ್ಲ ಎಂದರೆ ಉಳಿಯುವುದೇನು, ಒಂದು ಲೇತು ಮತ್ತು ಒಂದಿಷ್ಟು ಮರದ ಹೊಟ್ಟು.

ಆದರೆ ಅದನ್ನೆಲ್ಲ ಯೋಚಿಸಲು ಪುರುಸೊತ್ತೆಲ್ಲಿತ್ತು? ಸ್ಪರ್ಧೆ ಶುರುವಾಗಿತ್ತು. ತೀರ್ಪುಗಾರರು ಪರದೆಯ ಹಿಂದೆ ಕೂತಿರುತ್ತಾರೆ. ಊದುವವರು ಯಾರು, ಯಾವ ಪೀಪಿ, ಅವರಿಗೆ ಕಾಣುವುದಿಲ್ಲ, ಬರೀ ನಂಬರು. ಟ್ವೈಲಾಳಿಗೆ ಬಂದದ್ದು ಹದಿನಾಲ್ಕು. ಮೊದಲ ಸುತ್ತಿನಲ್ಲಿ ಅವಳ ದೂರದ ಕೂಗು ಕೋರ್ಟಿನ ಗೋಡೆಗೆ ಬಡಿದು, ಬೀದಿಯ ಆ ತುದಿಯ ಭತ್ತದ ಗೋದಾಮಿಗೆ ಬಡಿದು ವಾಪಸು ಬಂತು. ಎರಡನೆಯ ಸುತ್ತಿನಲ್ಲಿ, ಬಾತುಗಳು ಮೇಯುವಾಗ ಮಾಡುವ ಗೊಣಗೊಣ ಸದ್ದನ್ನು ಎಷ್ಟು ಚುರುಕಾಗಿ ಊದಿದಳೆಂದರೆ ಯಾರದೋ ನಾಯಿ ಸರಪಳಿ ಕಿತ್ತುಕೊಂಡು ವೇದಿಕೆಯ ಕೆಳಗೆ ನುಗ್ಗಿ ಬಾತು ಹುಡುಕತೊಡಗಿತು.

ಡೆಲ್ಮರನ ಕಷ್ಟ ಕೇಳಬೇಡಿ. ಅವನಿಗೆ ಕುಣಿಯಬೇಕೆನ್ನಿಸುತ್ತಿತ್ತು. ಆದರೆ ತನ್ನ ಮರ ಬಿಟ್ಟು ಪ್ಲಾಸ್ಟಿಕ್ಕು ಊದುತ್ತಿರುವ ಮಗಳ ಅಪ್ಪ ಮುಖ ಗಂಟಿಕ್ಕಿಕೊಂಡು ನಿಲ್ಲಬೇಕು ಎಂದು ಊರು ನಿರೀಕ್ಷಿಸುತ್ತಿತ್ತು. ಅದಕ್ಕೆ ಮುಖ ಗಂಟಿಕ್ಕಿಕೊಂಡು, ಜೇಬಿನೊಳಗೆ ಮುಷ್ಟಿ ಬಿಗಿದುಕೊಂಡು ಕುಣಿದ. ಓಲೀಟಾ ಅವನ ಕಾಲು ನೋಡಿ, "ಚಳಿನಾ? ಹಾಗ್ಯಾಕೆ ಕುಪ್ಪಳಿಸ್ತಿದೀರಿ?" ಎಂದಳು.

ಕೊನೆಯ ಸುತ್ತಿಗೆ ಐದು ಜನ ಉಳಿದರು. ಹದಿನಾಲ್ಕೂ ಅದರಲ್ಲಿತ್ತು.

ಆಗ ಟ್ವೈಲಾ ಒಂದು ತಪ್ಪು ಮಾಡಿದಳು. ಸುತ್ತುಗಳ ನಡುವೆ ಊದುವವರು ಏನನ್ನೂ ಬಾಯಿಗೆ ಹಾಕಬಾರದು, ಅದು ಇಲ್ಲಿ ಕೂಸಿಗೂ ಗೊತ್ತು. ಆದರೆ ಎರಡು ಸುತ್ತು ಗೆದ್ದ ಖುಷಿ, ಮೇಲಾಗಿ ಚಿಕ್ಕಮ್ಮನೊಬ್ಬಳು ಮುಂದೆ ಹಿಡಿದ ಪೀಕನ್ ಎಂಬ ಗಟ್ಟಿ ಬೀಜದ ಸಿಹಿ. ಒಂದೇ ಕಡಿ ಎಂದು ಕಡಿದಳು. ಆಮೇಲೆ ಪೀಪಿ ಊದಿ ನೋಡಿದರೆ ದನಿಯಲ್ಲಿ ಕರಕರ. ಬೀಜದ ಚೂರು ಪೀಪಿಯ ನಾಲಗೆಯ ಕೆಳಗೆ ಸೇರಿಕೊಂಡಿತ್ತು. ಆ ನಾಲಗೆ ಎಂದರೆ ಉಗುರಿನಗಲದ ತೆಳು ಪಟ್ಟಿ, ಅದು ಅದುರಿದರೇ ದನಿ. ಗಾಬರಿಯಲ್ಲಿ ಒಳತುಂಡನ್ನು ಎಳೆದು, ನಾಲಗೆ ತೆಗೆದು, ಉಜ್ಜಿ, ವಾಪಸು ಸಿಕ್ಕಿಸಿದಳು. ಕರಕರ ಹೋಯಿತು, ಶ್ರುತಿಯೂ ಹೋಯಿತು. ನಾಲಗೆ ಕೂದಲೆಳೆಯಷ್ಟು ಜಾರಿ ಕೂತರೂ ಪೀಪಿ ಬೇರೆಯೇ ಪೀಪಿಯಾಗುತ್ತದೆ.

ಹರ್ಶೆಲ್ ಬೀದಿಯ ಆ ತುದಿಯಲ್ಲಿ ಗಂಬೋ ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದ. ಫೋನು ಮಾಡಿದರೆ ಆ ಗದ್ದಲದಲ್ಲಿ ಎತ್ತುವವರು ಯಾರು. ವೇದಿಕೆಯ ಮೇಲೆ ಆಗಲೇ ಮೊದಲನೆಯವನು ಊದುತ್ತಿದ್ದ.

ಅವಳು ಜನರನ್ನು ತಳ್ಳಿಕೊಂಡು ಅಪ್ಪನ ಬಳಿ ಬಂದಳು. ಅವನ ತೋಳು ಹಿಡಿದು ವೇದಿಕೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಅಪ್ಪ, ನಾಲಗೆ ಜಾರಿದೆ. ಮಿಸ್ಟರ್ ಹರ್ಶೆಲ್ ಸಿಗ್ತಿಲ್ಲ. ನೀನು..." ಎಂದವಳು ನಿಲ್ಲಿಸಿದಳು. ಅವಳ ಕಣ್ಣಲ್ಲಿದ್ದ ಅನುಮಾನವನ್ನು ಅವನು ಓದಿದ. ಬೆಳಿಗ್ಗೆ ಮರಕ್ಕೂ ಪ್ಲಾಸ್ಟಿಕ್ಕಿಗೂ ವ್ಯತ್ಯಾಸ ತಿಳಿಯದ ಕಿವಿ ಇದು. ಈ ಕಿವಿಗೆ ಕೂದಲೆಳೆ ತಿಳಿಯುತ್ತದೆಯೇ?

ತನಗೆ ಆಗುವುದಿಲ್ಲ ಎಂದರೆ ಅವಳು ಸೋಲುತ್ತಾಳೆ. ಸರಿಮಾಡಿಕೊಟ್ಟರೆ ಬೆಳಗಿನ ಸುಳ್ಳು ಬಯಲಾಗುತ್ತದೆ. ಇಷ್ಟೆಲ್ಲ ಡೆಲ್ಮರನಿಗೆ ಆಮೇಲೆ ಹೊಳೆದದ್ದು. ಆ ಹೊತ್ತಿನಲ್ಲಿ ಅವನ ಕೈ ಆಗಲೇ ಮುಂದಕ್ಕೆ ಚಾಚಿತ್ತು.

"ಕೊಡಿಲ್ಲಿ."

ಒಳತುಂಡು ಎಳೆದ. ಜೇಬಿನಿಂದ ಒಂದು ಡಾಲರ್ ನೋಟು ತೆಗೆದು ನಾಲಗೆಯ ಕೆಳಗೆ ತೂರಿಸಿ ಎಳೆದ. ಪೀಪಿ ಶುಚಿ ಮಾಡಲು ಈ ಊರಿನಲ್ಲಿ ಎಲ್ಲರೂ ಬಳಸುವುದು ಅದನ್ನೇ. ಹೆಬ್ಬೆರಳಿನ ಉಗುರಿನಿಂದ ಪಟ್ಟಿಯನ್ನು ಒಂದಿಷ್ಟು ಹಿಂದಕ್ಕೊತ್ತಿದ. ಜನ್ಮದಲ್ಲಿ ಪ್ಲಾಸ್ಟಿಕ್ ಮುಟ್ಟದ ಬೆರಳು, ಮುಟ್ಟಿದ ಮೇಲೆ ತಡವರಿಸಲಿಲ್ಲ.

"ಕೋಟಿನೊಳಗೆ ಮುಖ ಹುದುಗಿಸಿ ಊದು. ಮೆಲ್ಲಗೆ."

ಊದಿದಳು.

"ಜಾಸ್ತಿ ಹಿಂದೆ ಹೋಯ್ತು. ಕೊಡು." ಮತ್ತೆ ಉಗುರು. "ಈಗ ಊದು. ಮೇಲಕ್ಕೆ ಹೋಗು. ಇನ್ನೂ ಮೇಲಕ್ಕೆ. ಸಾಕು, ಕೊಡು."

"ಈಗ ಸರಿ ಇತ್ತಲ್ಲಪ್ಪ."

"ಇರಲಿಲ್ಲ. ತುದೀಲಿ ಒಂದು ಮುಳ್ಳಿದೆ. ಎಡಗಡೆ ಮೂಲೆ ಎದ್ದಿದೆ."

"ನಂಗೇನೂ ಕೇಳ್ಸಲಿಲ್ಲ."

"ನಿಂಗೆ ಕೇಳ್ಸಲ್ಲ. ಪರದೆ ಹಿಂದೆ ಕೂತಿರೋರಿಗೆ ಕೇಳ್ಸತ್ತೆ." ನಾಲಗೆಯನ್ನು ಬಿಗಿಹಿಡಿಯುವ ಕಾರ್ಕಿನ ಚೂರನ್ನು ಹಲ್ಲಿನಲ್ಲಿ ಕಚ್ಚಿ ಮೆತ್ತಗೆ ಮಾಡಿ, ಎಡಮೂಲೆಯ ಮೇಲೆ ಒತ್ತಿ ಕೂರಿಸಿದ. "ಊದು."

ಊದಿದಳು. ಮುಳ್ಳು ಹೋಗಿತ್ತು. ಹೋದ ಮೇಲೆಯೇ ಅವಳಿಗೆ ಅದು ಇದ್ದದ್ದು ತಿಳಿದದ್ದು. ಕೋಟಿನೊಳಗಿಂದ ಮುಖ ಎತ್ತಿ ಅಪ್ಪನನ್ನೇ ನೋಡಿದಳು. ವೇದಿಕೆಯ ಮೇಲೆ ಎರಡನೆಯವನು ಮುಗಿಸಿ ಚಪ್ಪಾಳೆ ಬೀಳುತ್ತಿತ್ತು. ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಅಪ್ಪ."

"ಹೋಗು, ನಿನ್ನ ಸರದಿ ಬರ್ತಿದೆ."

"ಬೆಳಿಗ್ಗೆ ನಿಂಗೆ ಗೊತ್ತಿತ್ತು."

"ಏನ್ ಗೊತ್ತಿತ್ತು? ಹೋಗು ಅಂದೆನಲ್ಲ."

"ನನ್ನ ಮುಖ ನೋಡಿ ಹೇಳು. ಕೂದಲೆಳೆ ಮುಳ್ಳು ಕೇಳ್ಸತ್ತೆ, ನಿನ್ನ ಮರ ನಿಂಗೆ ಕೇಳ್ಸಲ್ವಾ? ಅಷ್ಟು ಜನರ ಮುಂದೆ ನಗಿಸ್ಕೊಂಡ್ಯಲ್ಲಪ್ಪ ನೀನು." ಅವಳ ದನಿ ಒಡೆಯಿತು. ಊದುವ ಮುಂಚೆ ಗಂಟಲು ಒಡೆಯುವುದೆಂದರೆ ಏನು ಎಂದು ಡೆಲ್ಮರನಿಗೆ ಗೊತ್ತು. ಅದಕ್ಕಿಂತ ಕೆಟ್ಟದ್ದು ಇನ್ನೂ ಮುಂದಿತ್ತು. ಅವಳು ಅಕ್ರಿಲಿಕ್ಕನ್ನು ಬಿಟ್ಟು ಮರದ ಪೀಪಿಯನ್ನು ಮುಷ್ಟಿಯಲ್ಲಿ ಹಿಡಿದಳು. "ನಾನು ಇದನ್ನೇ ಊದ್ತೀನಿ."

ಮೈಕಿನಲ್ಲಿ ಮೂರನೆಯವನ ನಂಬರು ಕರೆದರು. ಮುಂದಿನದು ಹದಿನಾಲ್ಕು.

ಡೆಲ್ಮರ್ ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಇನ್ನು ನಾಟಕ ನಡೆಯುವುದಿಲ್ಲ ಎಂದು ಅವನಿಗೆ ತಿಳಿಯಿತು, ಒಂಥರ ಹಗುರವೂ ಆಯಿತು.

"ನೋಡಮ್ಮ. ಗೊತ್ತಿತ್ತು. ಮೊದಲ ಸ್ವರಕ್ಕೇ ಗೊತ್ತಾಯ್ತು. ಆದ್ರೆ ನೀನು ಕೇಳಿದ್ದು ಯಾವುದು ನಂದು ಅಂತ ಅಲ್ಲ. ಯಾವುದನ್ನ ತಗೊಂಡು ಹತ್ತಬೇಕು ಅಂತ. ಅದಕ್ಕೆ ನಾನು ಸುಳ್ಳು ಹೇಳಲಿಲ್ಲ. ಎರಡನೇದು ಅಂದೆ. ಅದು ನಿಜ. ಉಳಿದದ್ದು ಬರೀ ಬಾಯಿಮಾತು."

"ನಿನ್ನ ಹೆಸರು..."

"ನನ್ನ ಹೆಸರು ನೀರು ನಿಂತ ಕಾಡಲ್ಲಿದೆ. ಬಾತು ಮರದ ತುದೀಲಿ ಇದ್ದಾಗ ನನ್ನ ಪೀಪಿ ಊದು, ಇನ್ಯಾವುದನ್ನ ಊದಿದ್ರೂ ನಾನು ಬೇಜಾರು ಮಾಡ್ಕೋತೀನಿ. ಇದು ಬೀದಿ. ಇಲ್ಲಿ ನನ್ನ ಮರ ನಿನ್ನ ಉಸಿರು ಹಿಡಿದು ನಿಲ್ಲಿಸ್ತಿದೆ. ಮೂರು ವರ್ಷದಿಂದ ನಿಲ್ಲಿಸ್ತಿದೆ. ನಾನು ಕೇಳಿಸ್ಕೊಳ್ಳಲಿಲ್ಲ. ನಾನು ಕಿವುಡ ಆಗಿದ್ದು ಆಗ, ಇವತ್ತಲ್ಲ."

ಅವಳ ಮುಷ್ಟಿ ಸಡಿಲವಾಯಿತು. ಅವನು ಹುರಿಯ ಕುಣಿಕೆ ಬಿಚ್ಚಿ ಮರದ ಪೀಪಿಯನ್ನು ಅವಳ ಕೊರಳಿನಿಂದ ತೆಗೆದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡ. ಇನ್ನು ಅವಳ ಹತ್ತಿರ ಆರಿಸಿಕೊಳ್ಳಲು ಏನೂ ಉಳಿಯಲಿಲ್ಲ.

"ಈಗ ಒಂದು ಗುಟುಕು ನೀರು ಕುಡಿ. ಮೂಗು ಒರೆಸ್ಕೋ. ಹೋಗು."

ಟ್ವೈಲಾ ತೋಳಿನಿಂದ ಮೂಗು ಒರೆಸಿಕೊಂಡಳು, ನೀರು ಕುಡಿದಳು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತಿದಳು.

ಅವಳು ಊದಿದ್ದನ್ನು ಹೇಗೆ ಹೇಳುವುದು? ದೂರದ ಕೂಗು ತುದಿ ಮುಟ್ಟಿದಾಗ ಡೆಲ್ಮರ್ ವೇದಿಕೆಯ ಹಿಂದೆ ಒಬ್ಬನೇ ನಿಂತು ಎರಡೂ ಕೈ ಮೇಲೆತ್ತಿದ. ಮೇವಿನ ಸದ್ದು ಹರಿಯಿತು. ಹೊರಟ ಬಾತುಗಳನ್ನು ಹಿಂದಕ್ಕೆ ಕರೆಯುವ ಕೂಗು ಬಂದಾಗ ಬೀದಿಯ ಜನ ಪಿಸುಗುಟ್ಟುವುದನ್ನೂ ಬಿಟ್ಟರು. ಅದು ಬೇಡುವ ಕೂಗು, ಹೋಗಬೇಡಿ, ಬನ್ನಿ, ಬನ್ನಿ ಎನ್ನುವುದು. ಅದರಲ್ಲಿ ಇವತ್ತು ಅಭ್ಯಾಸದಿಂದ ಬಾರದ್ದೇನೋ ಇತ್ತು. ಕೊನೆಯ ಸ್ವರ ನಿಂತದ್ದೇ ತಡ, ಬೀದಿಯೇ ಹಾರಿ ಬಿದ್ದಂತೆ ಚಪ್ಪಾಳೆ. ಡೆಲ್ಮರನಿಗೆ ಗಂಟಿಕ್ಕಿದ ಮುಖದ ನೆನಪು ಎಲ್ಲಿತ್ತು? ಅವನು ಜನರ ನಡುವೆ ಓಡಿ ಬಂದು ಪಾದ್ರಿಗಳನ್ನು ತಬ್ಬಿಕೊಂಡು ಬಿಟ್ಟಿದ್ದ.

ಹದಿನಾಲ್ಕನೆಯ ನಂಬರೇ ಗೆದ್ದಿತು. ಪರದೆ ಸರಿಸಿ ಹೊರಗೆ ಬಂದ ತೀರ್ಪುಗಾರರು ಅದು ಹೆಂಗಸು ಎಂದು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ತಾವೂ ಚಪ್ಪಾಳೆ ತಟ್ಟಿದರು. ಟ್ವೈಲಾ ಗೆದ್ದ ಕಪ್ಪು ಹಿಡಿದು ಇಳಿದವಳು ನೇರವಾಗಿ ಹೋಗಿದ್ದು ಗಂಬೋ ಹಂಡೆಗಳ ಬಳಿಗೆ, ಹಿಂದೆಯೇ ಡೆಲ್ಮರ್. ಬೆಳಿಗ್ಗೆ ನಕ್ಕವರೆಲ್ಲ ಅಲ್ಲೇ ಬಟ್ಟಲು ಹಿಡಿದು ನಿಂತಿದ್ದರು, ವೆಂಡೆಲ್ ಕೂಡ.

"ಎಲ್ಲ ಕೇಳಿ," ಎಂದಳು. "ನಮ್ಮಪ್ಪಂಗೆ ಬೆಳಿಗ್ಗೆ ಎರಡೂ ಗೊತ್ತಿತ್ತು. ಗೊತ್ತಿದ್ದೇ ಎರಡನೇದು ಅಂದಿದ್ದು, ನಾನು ಗೆಲ್ಲಲಿ ಅಂತ. ಈಗ ಕೊನೇ ಸುತ್ತಿಗೆ ಇದನ್ನ ಶ್ರುತಿ ಮಾಡಿಕೊಟ್ಟಿದ್ದೂ ಅವನೇ. ಇನ್ಯಾರಾದ್ರೂ ನಗೋದಿದ್ರೆ ನನ್ನ ಮುಂದೆ ನಗಿ."

ಯಾರೂ ನಗಲಿಲ್ಲ. ವೆಂಡೆಲ್ ಬಟ್ಟಲು ಕೆಳಗಿಟ್ಟು ಟೋಪಿ ತೆಗೆದ. ಡೆಲ್ಮರನಿಗೆ ಬೆಳಗಿನ ನಗುವಿಗಿಂತ ಈ ಮೌನವೇ ಕಷ್ಟವಾಯಿತು, ಎಲ್ಲಿ ನೋಡಬೇಕೆಂದು ತಿಳಿಯದೆ ಹರ್ಶೆಲ್ ಕಡೆ ನೋಡಿದ. ಹರ್ಶೆಲ್ ಸೌಟಿನಿಂದ ಹಂಡೆಯ ತಳ ಕೆರೆಯುತ್ತಿದ್ದ, ತಲೆ ಎತ್ತಲಿಲ್ಲ.

"ನಂಗೆ ಬೆಳಿಗ್ಗೇನೇ ಗೊತ್ತಿತ್ತು," ಎಂದ.

"ನಿಂಗೆ ಹೇಗೆ ಗೊತ್ತಿತ್ತು?"

"ನೀನು ಗೋಡೆ ಕಡೆ ತಿರುಗಿ ನಿಂತೆ. ಗೋಡೆ ಹತ್ರ ಇದ್ದೋನು ನಾನು. ಮೊದಲನೇದು ಕೇಳಿದ ತಕ್ಷಣ ನಿನ್ನ ಕಣ್ಣು ಮುಚ್ಚಿಕೊಂಡ್ವು. ಮೂವತ್ತು ವರ್ಷ ಒಂದೇ ಮರಕ್ಕೆ ಒರಗಿ ನಿಂತಿದೀನಿ, ಆ ಮುಖ ಗೊತ್ತಿಲ್ವಾ ನಂಗೆ?"

"ಮತ್ಯಾಕೋ ಹಾಗೆ ಬಿದ್ದು ಬಿದ್ದು ನಕ್ಕೆ? ಎಲ್ಲರಿಗಿಂತ ಜೋರಾಗಿ?"

ಹರ್ಶೆಲ್ ಆಗ ತಲೆ ಎತ್ತಿದ. "ನಿನ್ನ ಮಗಳು ನಿನ್ನ ಮುಖಾನೇ ನೋಡ್ತಿದ್ಲು. ಇನ್ನೊಂದು ಗಳಿಗೆ ನೋಡಿದ್ರೆ ಅವಳಿಗೆ ಗೊತ್ತಾಗಿಬಿಡ್ತಿತ್ತು. ಯಾರಾದ್ರೂ ನಗಬೇಕಿತ್ತು ಕಣೋ, ಅದಕ್ಕೇ ನಕ್ಕೆ."

ಡೆಲ್ಮರ್ ಒಂದು ಬಟ್ಟಲು ತೆಗೆದುಕೊಂಡು ಹಂ‌ಡೆಯ ಮುಂದೆ ಹಿಡಿದ.

"ತಳ ಹತ್ತಿದೆ," ಎಂದ ಹರ್ಶೆಲ್. "ಅವಳು ಊದೋದು ಕೇಳ್ತಾ ನಿಂತುಬಿಟ್ಟೆ, ಕೈಯಾಡಿಸಲಿಲ್ಲ."

"ಹಾಕು ಮಾರಾಯ," ಎಂದ ಡೆಲ್ಮರ್. "ಟ್ವೈಲಾಗೂ ಒಂದು ಬಟ್ಟಲು ಹಾಕು. ಅವಳಿನ್ನು ತಿನ್ನಬಹುದು."